ನಡವಳಿ

ಸ್ಕಾರ್‌ಬೆಕ್ ಹಳ್ಳಿಯ ಸಭಾಮಂದಿರ, ಗುರುವಾರ, ಸಂಜೆ ಏಳು.
ಹಾಜರಿ ನಲವತ್ತೊಂದು, ಎರಡು ನಾಯಿಗಳನ್ನು ಬಿಟ್ಟು.
ಬರೆದುಕೊಳ್ಳುವುದು ನನ್ನ ಕೆಲಸ.
ಬಾಯಿ ಬಿಡುವುದಲ್ಲ.

ಮೂರು ಮೇಜು ಕೂಡಿಸಿ ಕಣಿವೆಯನ್ನು ಹಾಸಿದ್ದಾರೆ.
ಮತ್ತೆ ಸುರುಳಿಯಾಗುತ್ತೇನೆಂದು ಹಟ ಹಿಡಿದ ನಕ್ಷೆಯ
ನಾಲ್ಕು ಮೂಲೆಗೆ ನಾಲ್ಕು ಚಹಾ ಬಟ್ಟಲು.
ಗುಟುಕಿಗೆಂದು ಯಾರೋ ಒಂದನ್ನು ಎತ್ತಿದರೆ
ಬಡಗಣ ಗುಡ್ಡಗಳೆಲ್ಲ ಮಡಚಿಕೊಳ್ಳುತ್ತವೆ.

ಒಬ್ಬೊಬ್ಬರಿಗೆ ಹತ್ತು ಅಂಟುಬೊಟ್ಟು:
ಐದು ಹಸಿರು, ಇರಲಿ ಎನ್ನಲು.
ಐದು ಕೆಂಪು, ಬೇಡ ಎನ್ನಲು.
ನನ್ನ ಹಣೆಯಲ್ಲಿರುವುದು ಮೂರನೆಯ ಬಗೆ, ಲೆಕ್ಕಕ್ಕಿಲ್ಲ.

ಪ್ರಾಧಿಕಾರದ ಹುಡುಗ ಕ್ಯಾಲಮ್ ಪ್ರಿಡಿ
ಹತ್ತು ವರ್ಷದ ಕರಡನ್ನು ಹತ್ತು ನಿಮಿಷದಲ್ಲಿ ಓದಿದ:
ಎಂಬತ್ತು ಕಾರು ನಿಲ್ಲುವ ಅಂಗಳ,
ಗ್ರೇ ಫೋರ್ಸಿನ ಬುಡದವರೆಗೆ ಚಪ್ಪಡಿ ಹಾಸಿದ ದಾರಿ
(ಫೋರ್ಸ್ ಎಂದರೆ ಇಲ್ಲಿಯವರ ಬಾಯಲ್ಲಿ ಜಲಪಾತ),
ಚಪ್ಪಡಿ ಹೊರಲು ಹೆಲಿಕಾಪ್ಟರು,
ಕರ್ಲ್ಯೂ ಹಕ್ಕಿ ನೆಲದಲ್ಲಿ ಮೊಟ್ಟೆಯಿಡುವ ನಾಲ್ಕು ತಿಂಗಳು
ಪಡುವಣ ಇಳಿಜಾರಿಗೆ ಬೀಗ.

‘ಆ ದಾರಿ ಮಾಡಿದ್ದು ನನ್ನ ಕುರಿಗಳು.
ಅವನ್ನು ಕೇಳಿದಿರಾ?’ ಎಂದ ವಿಲ್ಫ್ ಥ್ವೇಟ್.
ನಗು. ನಗುವನ್ನು ದಾಖಲಿಸುವಂತಿಲ್ಲ.
ಆನೆ ನಡೆದದ್ದೇ ದಾರಿ ಅಂತ ನಮ್ಮಲ್ಲೊಂದು ಗಾದೆ;
ಆನೆಯಿಲ್ಲದ ನಾಡಿನಲ್ಲಿ ಆ ಗತ್ತು ಕುರಿಗೆ ಎಂದುಕೊಂಡೆ.
ಅದನ್ನೂ ಬರೆಯಲಿಲ್ಲ.
ಚಪ್ಪಡಿ ದಾರಿಯ ನೆತ್ತಿಗೇ ಒತ್ತಿದ ಒಂದು ಕೆಂಪು,
ಹೆಬ್ಬೆರಳಿನಿಂದ, ಮೊಳೆ ಹೊಡೆದ ಹಾಗೆ.
ಅವನ ಹಿಂದೆಯೇ ಹದಿನಾರು ಕೆಂಪು.

ಬ್ರಾಡ್‌ಫರ್ಡಿನಿಂದ ಬಂದ ರುಖ್ಸಾನಾ ಮೀರ್,
ಹನ್ನೆರಡು ಹೆಂಗಸರ ನಡಿಗೆ ಬಳಗದ ಪರವಾಗಿ:
‘ಎಂಬತ್ತು ಕಾರಿಗೆ ನೆಲ ಬಗೆಯುವ ಮುಂಚೆ
ಭಾನುವಾರ ಒಂದು ಬಸ್ಸು ಬಿಡಿ.’
ಬಸ್ಸಿಗೆ ಬೊಟ್ಟಿಡಲು ನಕ್ಷೆಯಲ್ಲಿ ಜಾಗವಿರಲಿಲ್ಲ.
ಅಂಚಿನ ಬಿಳಿಯಲ್ಲಿ, ಅಳತೆಗೆರೆಯ ಪಕ್ಕ ಹಚ್ಚಿದಳು.

ಆಮೇಲೆ ನಾಯಿಹೇಲಿನ ತೊಟ್ಟಿ.
ಗೇಟಿನ ಈಚೆಗೋ ಆಚೆಗೋ, ಖಾಲಿ ಮಾಡುವವರು ಯಾರು,
ಮೂವತ್ತೈದು ನಿಮಿಷ.
ಹಕ್ಕಿಗೆ ಸಿಕ್ಕಿದ್ದು ಆರು.
ಯಾರದೋ ಮಗು ತನ್ನ ಪಾಲಿನ ಹತ್ತನ್ನೂ
ನದಿಯುದ್ದಕ್ಕೆ ಅಂಟಿಸುತ್ತ ಹೋಯಿತು,
ಕೆಂಪು, ಹಸಿರು, ಕೆಂಪು, ಹಸಿರು.
ಎಣಿಸುವುದೋ ಬಿಡುವುದೋ ಎಂದು
ಕ್ಯಾಲಮ್ ನನ್ನತ್ತ ನೋಡಿದ.

ಒಂಬತ್ತಾಗುತ್ತಿತ್ತು. ಡೊರೀನ್ ಮೆಟ್‌ಕಾಫ್
ಗಾಲಿಕುರ್ಚಿಯನ್ನು ಮೇಜಿಗೆ ತಾಗಿಸಿ ನಿಲ್ಲಿಸಿದಳು.
‘ನನ್ನ ಮನೆಗೂ ಫೋರ್ಸಿಗೂ ಮುಕ್ಕಾಲು ಮೈಲಿ.
ಹತ್ತೊಂಬತ್ತು ವರ್ಷದಿಂದ ಅಡುಗೆಮನೆಯಲ್ಲಿ ಕೂತು ಕೇಳುತ್ತಿದ್ದೇನೆ.
ಮೇಲೆ ಎಷ್ಟು ಹಿಮ ಕರಗಿತೆಂದು ಸದ್ದಿನಲ್ಲೇ ಹೇಳಬಲ್ಲೆ.
ನೋಡಿಲ್ಲ.’
ಅಷ್ಟೇ. ಹಸಿರನ್ನೂ ಹಚ್ಚಲಿಲ್ಲ;
ನಕ್ಷೆಯ ಆ ಭಾಗ ಅವಳ ಕೈಗೆ ಎಟುಕುತ್ತಿರಲಿಲ್ಲ.

ಹೀಟರಿನ ಗುಂಯ್ ಆಗ ಕೇಳಿಸಿತು.
ವಿಲ್ಫ್ ಎದ್ದು ಬಂದ. ಬಾಗಿದ.
ಉಗುರಿನಿಂದ ತನ್ನ ಕೆಂಪನ್ನು ಕೆರೆದು ಎಬ್ಬಿಸತೊಡಗಿದ,
ಉಣ್ಣೆ ಕತ್ತರಿಸಿ ದಪ್ಪಗಟ್ಟಿದ ಬೆರಳು.
ಬೊಟ್ಟಿನ ಜೊತೆಗೇ ಕಾಗದ ಕಿತ್ತು ಬಂತು.
ದಾರಿಯಿದ್ದಲ್ಲಿ ಈಗ ಮೇಜಿನ ಮರ.
‘ಕುರಿಗಳನ್ನು ಒಪ್ಪಿಸುತ್ತೇನೆ’ ಎಂದನೋ,
ಗೊಣಗಿದ್ದು ಬೇರೇನೋ, ಖಚಿತವಿಲ್ಲ.
ಉಳಿದ ಹದಿನಾರು ಇದ್ದಲ್ಲೇ ಇದ್ದವು.

‘ಒಂದು ಆಕ್ಷೇಪಣೆಯನ್ನು ಹಿಂಪಡೆಯಲಾಯಿತು’ ಎಂದು ಬರೆದೆ.
ಬರೆದು, ಇಷ್ಟೇನಾ ಅನ್ನಿಸಿತು.
ಇವರ ಭಾಷೆಯಲ್ಲಿ ನಾನು ಬರೆಯುವುದಕ್ಕೆ
ಬರೀ ನಿಮಿಷಗಳು ಅಂತ ಹೆಸರು.
ನನ್ನದರಲ್ಲಿ ನಡವಳಿ, ಒಳಗೊಂದು ನಡೆ ಇದೆ;
ಆದರೂ ಮೇಜಿನ ಆ ತುದಿಯಿಂದ ಈ ತುದಿಗೆ
ಅವನು ನಡೆದ ಏಳು ಹೆಜ್ಜೆಯನ್ನು
ಯಾವ ಕಲಮಿನಡಿ ಸೇರಿಸಲಿ?

ಮುಂದಿನ ಸಭೆ: ದಿನಾಂಕ ತಿಳಿಸಲಾಗುವುದು.
ಕುರ್ಚಿ ಮಡಚಿ, ಬಟ್ಟಲು ತೊಳೆದು,
ತೂತುಬಿದ್ದ ಕಣಿವೆಯನ್ನು ರಟ್ಟಿನ ಕೊಳವೆಗೆ ತುಂಬಿದೆವು.

ಕ್ಯಾಲಮನ ವ್ಯಾನು ಸ್ಕಿಪ್ಟನ್ ಮುಟ್ಟುವ ಹೊತ್ತಿಗೆ
ನನ್ನ ಕೋಟಿನ ತೋಳಿಗೆ ಅಂಟಿದ್ದ ಒಂದು ಬೊಟ್ಟು ಕಂಡಿತು.
ಬೀದಿದೀಪದ ಕಿತ್ತಳೆ ಬೆಳಕಿನಲ್ಲಿ
ಕೆಂಪೋ ಹಸಿರೋ ತಿಳಿಯಲಿಲ್ಲ.
ಕೀಳದೆ ಹಾಗೇ ಕೂತೆ.